ದೇವಣಿ ದನಗಳ ಸಹಜ ರೋಗನಿರೋಧಕ ಶಕ್ತಿ

ಪ್ರಾಣಿಗಳಿಗೆ ಹುಟ್ಟಿನಿಂದಲೇ ಇರುವ, ಯಾವುದೇ ರೋಗಾಣು ಮೈಹೊಕ್ಕ ಕೂಡಲೇ ಕೆಲಸ ಶುರು ಮಾಡುವ ರಕ್ಷಣಾ ವ್ಯವಸ್ಥೆಯನ್ನು ಸಹಜ ರೋಗನಿರೋಧಕ ಶಕ್ತಿ ಎನ್ನುತ್ತಾರೆ. ರೋಗ ಬಂದುಹೋದ ಮೇಲೆ ಅಥವಾ ಲಸಿಕೆ ಹಾಕಿಸಿದ ಮೇಲೆ ಬರುವುದು ಗಳಿಸಿದ ರೋಗನಿರೋಧಕ ಶಕ್ತಿ. ಮೊದಲನೆಯದು ಕೆಲವೇ ತಾಸುಗಳಲ್ಲಿ ಎದುರು ನಿಲ್ಲುತ್ತದೆ. ಎರಡನೆಯದಕ್ಕೆ ದಿನಗಳು, ಕೆಲವೊಮ್ಮೆ ವಾರಗಳು ಬೇಕು.

ದೇವಣಿ ತಳಿ

ಲಾತೂರ ಜಿಲ್ಲೆಯ ದೇವಣಿಯಿಂದ ಈ ತಳಿಗೆ ಹೆಸರು ಬಂದಿದೆ. ಉದಗೀರ, ನಿಲಂಗಾ ಮತ್ತು ಗಡಿಯಾಚೆಯ ಬೀದರ್ ಜಿಲ್ಲೆ ಇದರ ತವರು. ಗೀರ್, ಡಾಂಗಿ ಮತ್ತು ಸ್ಥಳೀಯ ದನಗಳ ಬೆರಕೆಯಿಂದ ಹುಟ್ಟಿದ್ದು ಎನ್ನಲಾಗುತ್ತದೆ. ಹಾಲಿಗೂ ಉಳುಮೆಗೂ ಒದಗುವ ತಳಿ ಇದು. ಬಣ್ಣದ ಮೇಲೆ ಮೂರು ಬಗೆಗಳನ್ನು ಗುರುತಿಸುತ್ತಾರೆ: ಪೂರ್ತಿ ಬಿಳಿಯ ಬಾಳಂಕ್ಯಾ, ಬಿಳಿ ಮೈ ಇದ್ದು ಮುಖದ ಬದಿ ಕಪ್ಪಾಗಿರುವ ವಾನೆರಾ, ಬಿಳಿ ಮೈಮೇಲೆ ಕಪ್ಪು ಮಚ್ಚೆಗಳಿರುವ ಶೇವೆರಾ.

ರಕ್ಷಣೆಯ ಹಂತಗಳು

ಮೊದಲ ಗೋಡೆ ಚರ್ಮ. ಡುಬ್ಬವಿರುವ ನಾಟಿ ದನಗಳ ಮೇಲೆ ಉಣ್ಣೆ ಹತ್ತುವುದು ವಿದೇಶಿ ತಳಿಗಳಿಗಿಂತ ಕಡಿಮೆ. ಕಣ್ಣೀರು, ಜೊಲ್ಲು, ಮೂಗಿನ ಲೋಳೆಗಳಲ್ಲಿ ರೋಗಾಣುಗಳನ್ನು ಕೊಲ್ಲುವ ಪದಾರ್ಥಗಳಿರುತ್ತವೆ.

ಈ ಗೋಡೆ ದಾಟಿದ ರೋಗಾಣುವನ್ನು ಕೆಲವು ಬಿಳಿ ರಕ್ತಕಣಗಳು ನುಂಗಿ ಅರಗಿಸುತ್ತವೆ. 1882ರಲ್ಲಿ ರಷ್ಯಾದ ವಿಜ್ಞಾನಿ ಇಲ್ಯಾ ಮೆಚ್ನಿಕೋವ್ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ, ಅದರ ಸುತ್ತ ಕಣಗಳು ಮುತ್ತುವುದನ್ನು ಕಂಡರು. ಈ ಕೆಲಸಕ್ಕೆ 1908ರಲ್ಲಿ ಪಾಲ್ ಎರ್ಲಿಕ್ ಜೊತೆ ನೊಬೆಲ್ ಬಹುಮಾನ ಪಡೆದರು. ಕಣಗಳು ರೋಗಾಣುವನ್ನು ಹೇಗೆ ಗುರುತಿಸುತ್ತವೆ ಎಂಬುದು ತಿಳಿದದ್ದು ಬಹಳ ತಡವಾಗಿ. ಕಣಗಳಲ್ಲಿರುವ 'ಟೋಲ್' ಎಂಬ ಗ್ರಾಹಕಗಳ ಬಗ್ಗೆ ಸಂಶೋಧನೆ ಮಾಡಿದ ಜೂಲ್ಸ್ ಹಾಫ್‌ಮನ್ ಮತ್ತು ಬ್ರೂಸ್ ಬ್ಯೂಟ್ಲರ್ ಅವರಿಗೆ 2011ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಜ್ವರ, ಬಾವು, ಕೆಂಪಾಗುವುದು ಇವೆಲ್ಲ ಇದೇ ಹೋರಾಟದ ಗುರುತುಗಳು. ಆದರೆ ಹೋರಾಟ ಅತಿಯಾದರೆ ಅದೇ ಅಪಾಯ. ಕೆಲವು ಬಗೆಯ ಕೆಚ್ಚಲು ಬಾವಿನಲ್ಲಿ ರೋಗಾಣುವಿನ ವಿಷಕ್ಕೆ ಇಡೀ ಮೈ ಕೆರಳಿ, ಆಕಳು ಒಂದೆರಡು ದಿನದಲ್ಲೇ ಸಾಯಬಹುದು.

ಕೆಚ್ಚಲು ಬಾವು

ಮೊಲೆತೊಟ್ಟಿನ ತುದಿಯ ತೂತನ್ನು ಮೇಣದಂಥ ಪದಾರ್ಥವೊಂದು ಮುಚ್ಚಿರುತ್ತದೆ. ಹಾಲು ಹಿಂಡಿದ ಮೇಲೆ ಅದು ಮತ್ತೆ ಮುಚ್ಚಿಕೊಳ್ಳಲು ಅರ್ಧದಿಂದ ಒಂದು ತಾಸು ಬೇಕು. ಅಷ್ಟರಲ್ಲಿ ಆಕಳು ಸೆಗಣಿಯಲ್ಲಿ ಮಲಗಿದರೆ ರೋಗಾಣುವಿಗೆ ಬಾಗಿಲು ತೆರೆದಂತೆ. ಹಿಂಡಿದ ಕೂಡಲೇ ಮುಂದೆ ಮೇವು ಹಾಕಿ, ಆಕಳನ್ನು ನಿಂತಿರುವಂತೆ ಮಾಡಬೇಕು ಎನ್ನುವುದು ಇದಕ್ಕಾಗಿಯೇ. ಆರೋಗ್ಯವಂತ ಕೆಚ್ಚಲಿನ ಒಂದು ಮಿಲಿಲೀಟರ್ ಹಾಲಿನಲ್ಲಿ ಸಾಮಾನ್ಯವಾಗಿ ಎರಡು ಲಕ್ಷಕ್ಕಿಂತ ಕಡಿಮೆ ದೇಹಕಣಗಳಿರುತ್ತವೆ. ಸಂಖ್ಯೆ ಏರಿದರೆ ಒಳಗೆ ಹೋರಾಟ ನಡೆದಿದೆ ಎಂದು ಅರ್ಥ.

ಎಳೆಗರು

ತಾಯಿಯ ರಕ್ತದ ಪ್ರತಿಕಾಯಗಳು ಗರ್ಭದಲ್ಲಿರುವ ಕರುವಿಗೆ ದಾಟುವುದಿಲ್ಲ. ಹುಟ್ಟಿದ ಕರುವಿಗೆ ಸಹಜ ಶಕ್ತಿಯೊಂದೇ ಆಸರೆ, ಅದೂ ಇನ್ನೂ ಬಲಿತಿರುವುದಿಲ್ಲ. ಪ್ರತಿಕಾಯ ಸಿಗುವುದು ಗಿಣ್ಣದ ಹಾಲಿನಿಂದ. ಕರುವಿನ ಕರುಳು ಅದನ್ನು ಹೀರುವ ಶಕ್ತಿ ತಾಸು ತಾಸಿಗೆ ಕುಗ್ಗುತ್ತ, ಸುಮಾರು 24 ತಾಸಿಗೆ ಮುಗಿಯುತ್ತದೆ. ಮಾಸು ಬೀಳಲಿ ಎಂದು ಕಾಯದೆ, ಮೊದಲ ಎರಡು ತಾಸಿನೊಳಗೆ ಗಿಣ್ಣದ ಹಾಲು ಕುಡಿಸುವುದು ಒಳ್ಳೆಯದು.

2022ರ ಚರ್ಮಗಂಟು ರೋಗ

'ನಾಟಿ ದನಕ್ಕೆ ರೋಗ ಬರುವುದಿಲ್ಲ' ಎಂಬ ಮಾತು ಹಳ್ಳಿಗಳಲ್ಲಿದೆ. ಇದು ಅರ್ಧ ಸತ್ಯ. ಚರ್ಮಗಂಟು ರೋಗ ಮೊದಲು ಕಂಡದ್ದು 1929ರಲ್ಲಿ, ಆಫ್ರಿಕಾದ ಜಾಂಬಿಯಾದಲ್ಲಿ. ಭಾರತದಲ್ಲಿ 2019ರಲ್ಲಿ ಒಡಿಶಾದಲ್ಲಿ ಕಾಣಿಸಿತು. 2022ರಲ್ಲಿ ರಾಜಸ್ಥಾನ, ಗುಜರಾತ್, ಮಹಾರಾಷ್ಟ್ರ, ಕರ್ನಾಟಕಗಳಿಗೆಲ್ಲ ಹಬ್ಬಿತು. ಮಿಶ್ರತಳಿಗಳಂತೆ ನಾಟಿ ತಳಿಯ ದನಗಳೂ ಸತ್ತವು. ಹಿಂದೆಂದೂ ಕಾಣದ ವೈರಸ್ಸಿನ ಮುಂದೆ ಸಹಜ ಶಕ್ತಿಯೊಂದೇ ಸಾಲದು ಎಂಬುದು ಆಗ ಸಾವಿರಾರು ಕುಟುಂಬಗಳಿಗೆ ಅರಿವಾಯಿತು. ನೊಣ, ಸೊಳ್ಳೆ, ಉಣ್ಣೆಗಳಿಂದ ಹರಡುವ ಈ ರೋಗ ಮನುಷ್ಯರಿಗೆ ಬರುವುದಿಲ್ಲ. ತಡೆಗೆ ಆಡಿನ ಸಿಡುಬಿನ ಲಸಿಕೆಯನ್ನು ಬಳಸಲಾಯಿತು.

ಲಸಿಕೆಯೂ ಸಹಜ ಶಕ್ತಿಯ ನೆರವಿನಿಂದಲೇ ಕೆಲಸ ಮಾಡುತ್ತದೆ. ಲಸಿಕೆಯನ್ನು ಮೊದಲು ಗುರುತಿಸಿ, ಪ್ರತಿಕಾಯ ತಯಾರಿಸುವ ಕಣಗಳಿಗೆ ಸುದ್ದಿ ಮುಟ್ಟಿಸುವುದು ಈ ವ್ಯವಸ್ಥೆಯೇ. ಆದ್ದರಿಂದ ಸೊರಗಿದ, ಜಂತುಹುಳು ತುಂಬಿದ ದನಕ್ಕೆ ಲಸಿಕೆಯ ಫಲವೂ ಕಡಿಮೆ.

ಶಕ್ತಿ ಕುಗ್ಗುವುದು ಯಾವಾಗ?

* ಕರು ಹಾಕುವ ಹಿಂದೆ ಮುಂದಿನ ಎರಡು ಮೂರು ವಾರಗಳಲ್ಲಿ
* ಬರಗಾಲದಲ್ಲಿ ಹಸಿರು ಮೇವಿಲ್ಲದೆ ಎ ಜೀವಸತ್ವ ಕಡಿಮೆಯಾದಾಗ
* ತಾಮ್ರ, ಸತು, ಸೆಲೆನಿಯಂ ಲವಣಗಳ ಕೊರತೆಯಾದಾಗ
* ಬಿರುಬಿಸಿಲಿನಲ್ಲಿ ದೂರದ ಸಂತೆಗೆ ಸಾಗಿಸಿದಾಗ

ಈ ದಿನಗಳಲ್ಲಿ ನೆರಳು, ನೀರು, ಖನಿಜ ಮಿಶ್ರಣ ತಪ್ಪಿಸಬಾರದು. ಗಳಲೆ ಮತ್ತು ಚಪ್ಪೆ ರೋಗದ ಲಸಿಕೆಗಳನ್ನು ಮಳೆಗಾಲಕ್ಕೆ ಮೊದಲೇ ಹಾಕಿಸಬೇಕು. ಈ ಭಾಗದ ಉದಗೀರ ಮತ್ತು ಬೀದರ್‌ನಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ದೇವಣಿ ಆಕಳಿನ ಗಟ್ಟಿತನ ದೊಡ್ಡ ಆಸ್ತಿ. ಆದರೆ ಅದು ಲಸಿಕೆಗೆ ಬದಲಿಯಲ್ಲ.