ವಿಂಡ್ಸರ್ ಪ್ಲೇಸಿನ ಐದನೇ ನಂಬರಿನ ಮನೆ

2025ರ ಅಕ್ಟೋಬರ್ 10ರ ಶುಕ್ರವಾರ ದಿಲ್ಲಿಯ ಅಫ್ಘಾನಿಸ್ತಾನ ರಾಯಭಾರ ಕಚೇರಿಯಲ್ಲಿ ಒಂದು ಪತ್ರಿಕಾಗೋಷ್ಠಿ ನಡೆಯಿತು. ಭಾರತಕ್ಕೆ ಬಂದಿದ್ದ ತಾಲಿಬಾನ್ ಸರ್ಕಾರದ ವಿದೇಶಾಂಗ ಸಚಿವ ಅಮೀರ್ ಖಾನ್ ಮುತ್ತಖಿ ಅಲ್ಲಿ ಮಾತನಾಡಿದರು. ಎದುರಿಗೆ ಕುಳಿತ ಪತ್ರಕರ್ತರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ವಿದೇಶಾಂಗ ವ್ಯವಹಾರವನ್ನೇ ವರ್ಷಗಟ್ಟಲೆ ವರದಿ ಮಾಡುತ್ತ ಬಂದ ಮಹಿಳೆಯರು ಹೊರಗುಳಿದರು. ಸುದ್ದಿ ಹಬ್ಬಿ ಗದ್ದಲವಾದಾಗ, ಈ ಗೋಷ್ಠಿಯಲ್ಲಿ ತನ್ನ ಪಾತ್ರವೇನೂ ಇಲ್ಲ ಎಂದು ಭಾರತದ ವಿದೇಶಾಂಗ ಸಚಿವಾಲಯ ಹೇಳಿತು. ಎಡಿಟರ್ಸ್ ಗಿಲ್ಡ್ ಖಂಡಿಸಿತು. ಇಂಡಿಯನ್ ವಿಮೆನ್ಸ್ ಪ್ರೆಸ್ ಕೋರ್ ಖಂಡಿಸಿತು. ಎರಡು ದಿನ ಕಳೆದು, ಭಾನುವಾರ, ಅದೇ ಸಚಿವರು ಇನ್ನೊಂದು ಗೋಷ್ಠಿ ಕರೆದರು. ಈ ಸಲ ಮುಂದಿನ ಸಾಲಿನಲ್ಲೇ ಮಹಿಳಾ ಪತ್ರಕರ್ತರು ಕುಳಿತಿದ್ದರು. ಹಿಂದಿನ ಗೋಷ್ಠಿಗೆ ತಮ್ಮನ್ನು ಏಕೆ ಕರೆಯಲಿಲ್ಲ ಎಂದೂ ಕೇಳಿದರು, ಅಫ್ಘಾನಿಸ್ತಾನದ ಹೆಣ್ಣುಮಕ್ಕಳ ಓದಿನ ಗತಿ ಏನೆಂದೂ ಕೇಳಿದರು.

ಹೇಳಿಕೆ ಕೊಟ್ಟ ಆ ಎರಡನೇ ಸಂಸ್ಥೆಯ ವಿಳಾಸ 5, ವಿಂಡ್ಸರ್ ಪ್ಲೇಸ್, ಹೊಸದಿಲ್ಲಿ. ಜನಪಥ, ಅಶೋಕ ರಸ್ತೆ, ರೈಸಿನಾ ರಸ್ತೆಗಳು ಕೂಡುವ ವೃತ್ತದ ಬಳಿ, ಮರಗಳ ನಡುವೆ ಇರುವ ಒಂದು ಸರ್ಕಾರಿ ಬಂಗಲೆ. ಶಾಸ್ತ್ರಿ ಭವನ, ಚುನಾವಣಾ ಆಯೋಗದ ನಿರ್ವಾಚನ ಸದನ, ಧರಣಿಗಳು ನಡೆಯುವ ಜಂತರ್ ಮಂತರ್ ಯಾವುದೂ ಇಲ್ಲಿಂದ ದೂರವಿಲ್ಲ. ದಿಲ್ಲಿಯಲ್ಲಿ ರಾಜಕೀಯ ವರದಿ ಮಾಡುವವರ ದಿನ ಕಳೆಯುವುದೇ ಈ ಸುತ್ತಳತೆಯಲ್ಲಿ. ಪತ್ರಕರ್ತೆಯರ ಈ ಕೂಟದ ಚರಿತ್ರೆ ಬಹುಮಟ್ಟಿಗೆ ಜಾಗದ ಚರಿತ್ರೆ: ಯಾರು ಒಳಗೆ ಹೋಗಬಹುದು, ಎಲ್ಲಿ ಕೂರಬಹುದು, ಎರಡು ಕೆಲಸಗಳ ನಡುವಿನ ಮೂರು ಗಂಟೆ ಎಲ್ಲಿ ಕಳೆಯಬಹುದು, ರಾತ್ರಿ ಮನೆಗೆ ಹೇಗೆ ಮುಟ್ಟಬಹುದು.

ಹೆಂಗಸರ ಸಂಘಗಳು ದಿಲ್ಲಿಗೆ ಹೊಸವಲ್ಲ. 1927ರಲ್ಲಿ ಪುಣೆಯಲ್ಲಿ ಹುಟ್ಟಿದ ಅಖಿಲ ಭಾರತ ಮಹಿಳಾ ಸಮ್ಮೇಳನ ಐದೇ ವರ್ಷದಲ್ಲಿ, 1932ರಲ್ಲಿ, ದಿಲ್ಲಿಯಲ್ಲಿ ಲೇಡಿ ಇರ್ವಿನ್ ಕಾಲೇಜು ತೆರೆಯಲು ಕಾರಣವಾಯಿತು. ಆ ಸಮ್ಮೇಳನದ ಮೊದಲ ಸಂಘಟನಾ ಕಾರ್ಯದರ್ಶಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ಬಾಲ್ಯವಿವಾಹ ನಿಲ್ಲಬೇಕು, ಹುಡುಗಿಯರು ಓದಬೇಕು, ಆಸ್ತಿಯಲ್ಲಿ ಪಾಲು ಸಿಗಬೇಕು ಎಂದು ದುಡಿದ ತಲೆಮಾರು ಅದು. ಅವರು ಮಾತಾಡಿದ್ದು ನಾಡಿನ ಎಲ್ಲ ಹೆಂಗಸರ ಪರವಾಗಿ. ಒಂದು ಉದ್ಯೋಗದಲ್ಲಿರುವ ಹೆಂಗಸರು ತಮ್ಮ ಸ್ವಂತ ಕೆಲಸದ ಪರವಾಗಿ ಒಂದು ಮನೆ ಕೇಳುವುದು ಬೇರೆ ಬಗೆಯ ಬೇಡಿಕೆ. ಅದಕ್ಕೆ ಮೊದಲು ಆ ಉದ್ಯೋಗದಲ್ಲಿ ಸಾಕಷ್ಟು ಹೆಂಗಸರು ಇರಬೇಕು. ದಿಲ್ಲಿಯ ಪತ್ರಿಕೋದ್ಯಮದಲ್ಲಿ ಬಹುಕಾಲ ಅವರು ಒಬ್ಬೊಬ್ಬರಾಗಿಯೇ ಇದ್ದರು.

ಹೋಮಾಯಿ ವ್ಯಾರಾವಾಲಾ 1942ರಲ್ಲಿ ದಿಲ್ಲಿಗೆ ಬಂದು ಬ್ರಿಟಿಷ್ ಮಾಹಿತಿ ಸೇವೆಯಲ್ಲಿ ಛಾಯಾಗ್ರಾಹಕಿಯಾದರು. ಸೀರೆಯುಟ್ಟು, ಭಾರದ ಕ್ಯಾಮೆರಾ ಹೊತ್ತು, ಸೈಕಲ್ಲಿನಲ್ಲಿ ಊರು ಸುತ್ತುತ್ತಿದ್ದ ಅವರು ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ಸ್ವಾತಂತ್ರ್ಯದ ಆಚೀಚಿನ ದಿಲ್ಲಿಯನ್ನು, ಮೌಂಟ್‌ಬ್ಯಾಟನ್ನರನ್ನು, ನೆಹರೂ ಅವರನ್ನು ಇಂದು ಜನ ನೆನೆಯುವುದು ಬಹಳಷ್ಟು ಅವರ ಚಿತ್ರಗಳ ಮೂಲಕ. ಆದರೆ 1970ರ ಹೊತ್ತಿಗೆ ಕ್ಯಾಮೆರಾ ಕೆಳಗಿಟ್ಟರು, ದಿಲ್ಲಿ ಬಿಟ್ಟರು. ಪದ್ಮವಿಭೂಷಣ ಬಂದದ್ದು 2011ರಲ್ಲಿ, ತೀರಿಕೊಳ್ಳುವ ಹಿಂದಿನ ವರ್ಷ.

ಪ್ರಭಾ ದತ್ ಅವರ ಕತೆ ಇನ್ನೊಂದು ಬಗೆಯದು. 1965ರ ಯುದ್ಧ ಶುರುವಾದಾಗ ಹಿಂದೂಸ್ತಾನ್ ಟೈಮ್ಸ್‌ನ ಈ ಯುವ ವರದಿಗಾರ್ತಿ ತನ್ನನ್ನು ಗಡಿಗೆ ಕಳಿಸಿ ಎಂದು ಕೇಳಿದರು. ಪತ್ರಿಕೆ ಒಪ್ಪಲಿಲ್ಲ. ಪಂಜಾಬಿನಲ್ಲಿರುವ ಅಪ್ಪ ಅಮ್ಮನನ್ನು ನೋಡಿ ಬರುವುದಾಗಿ ರಜೆ ಹಾಕಿ ಹೊರಟವರು ಖೇಮಕರಣ್‌ ರಣರಂಗದಿಂದ ವರದಿ ಕಳಿಸತೊಡಗಿದರು. ಮುಂದೆ ಅದೇ ಪತ್ರಿಕೆಯ ಮುಖ್ಯ ವರದಿಗಾರ್ತಿಯಾಗಿ, ಗಲ್ಲು ಶಿಕ್ಷೆಗೆ ಗುರಿಯಾಗಿ ತಿಹಾರ್ ಜೈಲಿನಲ್ಲಿದ್ದ ಬಿಲ್ಲಾ ಮತ್ತು ರಂಗಾ ಎಂಬ ಇಬ್ಬರನ್ನು ಸಂದರ್ಶಿಸಲು ಅನುಮತಿ ಕೇಳಿದರು. ಜೈಲಿನವರು ಕೊಡದಿದ್ದಾಗ ಸುಪ್ರೀಂ ಕೋರ್ಟಿಗೆ ಹೋದರು. ಕೈದಿಗಳು ಒಪ್ಪುವುದಾದರೆ, ತಕ್ಕ ಕಾರಣವಿಲ್ಲದೆ ಸಂದರ್ಶನ ನಿರಾಕರಿಸುವಂತಿಲ್ಲ ಎಂದು ಕೋರ್ಟು ಹೇಳಿತು. ‘ಪ್ರಭಾ ದತ್ ವಿರುದ್ಧ ಭಾರತ ಒಕ್ಕೂಟ’ ಎಂಬ ಆ ತೀರ್ಪನ್ನು ಪತ್ರಿಕಾ ಸ್ವಾತಂತ್ರ್ಯದ ಪಾಠಗಳಲ್ಲಿ ಇಂದಿಗೂ ಓದಿಸುತ್ತಾರೆ. ಗಡಿಗೆ ಹೋಗಲು ನೆಪ ಹೂಡಬೇಕಾಗಿದ್ದವರ ಹೆಸರು ಹದಿನಾರು ವರ್ಷಗಳಲ್ಲಿ ಕಾನೂನಿನ ಪುಸ್ತಕ ಸೇರಿತ್ತು. 1984ರಲ್ಲಿ, ಇನ್ನೂ ವಯಸ್ಸಿರುವಾಗಲೇ, ಅವರು ತೀರಿಕೊಂಡರು.

ಇಂಥ ಒಂಟಿ ಸಾಧಕಿಯರ ಕತೆಗಳಲ್ಲಿ ಒಂದು ತೊಡಕಿದೆ. ಓದುವವರಿಗೆ ಹುರುಪು ಬರುತ್ತದೆ, ಆದರೆ ಮುಂದಿನವಳು ಮತ್ತೆ ಮೊದಲಿನಿಂದಲೇ ಶುರು ಮಾಡಬೇಕಾಗುತ್ತದೆ. ಒಬ್ಬಾಕೆಗೆ ಸಿಕ್ಕ ರಿಯಾಯಿತಿ ಇನ್ನೊಬ್ಬಾಕೆಗೆ ಹಕ್ಕಾಗಿ ದಾಟುವುದಿಲ್ಲ. ದಾಟಿಸಲು ಸಂಸ್ಥೆ ಬೇಕು.

1994ರಲ್ಲಿ ದಿಲ್ಲಿಯ ಕೆಲವು ಹಿರಿಯ ಪತ್ರಕರ್ತೆಯರು ಸೇರಿ ಅಂಥದೊಂದನ್ನು ಕಟ್ಟಿದರು. ಮೊದಲ ಅಧ್ಯಕ್ಷೆ ಹಿಂದಿ ಲೇಖಕಿ, ಸಂಪಾದಕಿ ಮೃಣಾಲ್ ಪಾಂಡೆ. ಕಾಲವೂ ಅದಕ್ಕೆ ಹದವಾಗಿತ್ತು. ಖಾಸಗಿ ಟಿವಿ ವಾಹಿನಿಗಳು ಆಗಷ್ಟೇ ಬಂದಿದ್ದವು. ಸುದ್ದಿಮನೆಗಳಲ್ಲಿ ಹುಡುಗಿಯರ ಸಂಖ್ಯೆ ಏರುತ್ತಿತ್ತು. ಅದೇ ವರ್ಷ ಬೆಂಗಳೂರಿನ ಅಮ್ಮು ಜೋಸೆಫ್ ಮತ್ತು ಮುಂಬೈಯ ಕಲ್ಪನಾ ಶರ್ಮಾ, ಹೆಂಗಸರ ಪ್ರಶ್ನೆಗಳನ್ನು ಪತ್ರಿಕೆಗಳು ಹೇಗೆ ನೋಡಿದವು ಎಂಬ ಬಗ್ಗೆ ‘ಹೂಸ್ ನ್ಯೂಸ್?’ ಎಂಬ ಇಂಗ್ಲಿಷ್ ಪುಸ್ತಕ ಹೊರತಂದರು.

ಹೆಸರಿನ ಆಯ್ಕೆ ಗಮನಿಸುವಂಥದು. ‘ಕ್ಲಬ್’ ಎನ್ನಲಿಲ್ಲ, ‘ಕೋರ್’ ಎಂದರು. ಅದು ಸೇನೆಯ ಮಾತು. ಒಟ್ಟಾಗಿ ಕೆಲಸ ಮಾಡುವ ತುಕಡಿಗೆ ಹೇಳುವುದು. ಕ್ಲಬ್ ಎಂದರೆ ಹೊತ್ತು ಕಳೆಯುವ ಜಾಗ ಎಂಬ ಅರ್ಥವೂ ನಮ್ಮ ಕಿವಿಗೆ ಬೀಳುತ್ತದೆ, ಅದರಲ್ಲೂ ‘ಲೇಡೀಸ್ ಕ್ಲಬ್’ ಎಂದರೆ ರಂಗೋಲಿ ಸ್ಪರ್ಧೆ, ತಂಬೋಲ ಆಟ, ದಸರಾ ಗೊಂಬೆ ಎಂದೇ ಹಲವರ ಕಲ್ಪನೆ. ಕನ್ನಡಕ್ಕೆ ಈ ಹೆಸರನ್ನು ತರುವವರು ಸಾಮಾನ್ಯವಾಗಿ ‘ಮಹಿಳಾ ಪತ್ರಕರ್ತರ ಸಂಘ’ ಎನ್ನುತ್ತಾರೆ. ನಮ್ಮಲ್ಲಿ ಹೂವಾಡಗಿತ್ತಿ, ಸೂಲಗಿತ್ತಿ ಎಂದು ಕೆಲಸದ ಹೆಸರಲ್ಲೇ ಹೆಂಗಸು ಕಾಣುವ ಹಳೆಯ ರೂಢಿಯಿದೆ. ವರದಿಗಾರ್ತಿಯೂ ಅದೇ ದಾರಿಯಲ್ಲಿ ಬಂದ ಮಾತು. ‘ಪತ್ರಕರ್ತರು’ ಎಂದಾಗ ಮಾತ್ರ ಗಂಡಸರೇ ಕಣ್ಣ ಮುಂದೆ ಬರುವುದರಿಂದ ಹಿಂದೆ ‘ಮಹಿಳಾ’ ಅಂಟಿಸಬೇಕಾಗುತ್ತದೆ.

ದಿಲ್ಲಿಯಲ್ಲಿ ಪತ್ರಕರ್ತರಿಗೆ ಆಗಲೇ ಒಂದು ಮನೆಯಿತ್ತು. 1950ರ ದಶಕದ ಕೊನೆಯಲ್ಲಿ ಶುರುವಾದ ಪ್ರೆಸ್ ಕ್ಲಬ್ ಆಫ್ ಇಂಡಿಯಾ ವಿಂಡ್ಸರ್ ಪ್ಲೇಸಿಗೆ ಕೂಗಳತೆಯಲ್ಲಿ, 1, ರೈಸಿನಾ ರಸ್ತೆಯಲ್ಲಿದೆ. ಅಲ್ಲಿ ಹೆಂಗಸರೂ ಸದಸ್ಯರಾಗಬಹುದು. ಹಾಗಿದ್ದರೂ ಬೇರೆ ಮನೆ ಏಕೆ ಎಂಬ ಪ್ರಶ್ನೆ ಸಹಜ. ಉತ್ತರಕ್ಕೆ ವಾಷಿಂಗ್ಟನ್ನಿನ ಜತೆ ಹೋಲಿಸಿ ನೋಡಬೇಕು. ಅಲ್ಲಿನ ನ್ಯಾಷನಲ್ ಪ್ರೆಸ್ ಕ್ಲಬ್ ಗಂಡಸರಿಗೆ ಮಾತ್ರ ಇತ್ತು. ಹಾಗಾಗಿ 1919ರಲ್ಲಿ ಪತ್ರಕರ್ತೆಯರು ತಮ್ಮದೇ ಕ್ಲಬ್ ಕಟ್ಟಿದರು. 1955ರಲ್ಲಿ ಗಂಡಸರ ಕ್ಲಬ್ಬು ಒಂದು ಔದಾರ್ಯ ತೋರಿತು: ಗಣ್ಯರ ಭಾಷಣಗಳ ದಿನ ಹೆಂಗಸರು ಬಾಲ್ಕನಿಯಲ್ಲಿ ನಿಂತು ಕೇಳಬಹುದು. ಕೆಳಗೆ ಗಂಡಸರು ಊಟ ಮಾಡುತ್ತ ಪ್ರಶ್ನೆ ಕೇಳುತ್ತಿದ್ದರು. ಮೇಲಿದ್ದವರಿಗೆ ಊಟವೂ ಇಲ್ಲ, ಪ್ರಶ್ನೆಯೂ ಇಲ್ಲ. ಸದಸ್ಯತ್ವ ಸಿಕ್ಕಿದ್ದು 1971ರಲ್ಲಿ. ಅದಕ್ಕೆ ತುಸು ಮೊದಲೇ ಹೆಂಗಸರ ಕ್ಲಬ್ಬು ಗಂಡಸರನ್ನು ಸೇರಿಸಿಕೊಳ್ಳಲು ಒಪ್ಪಿತ್ತು, 1985ರಲ್ಲಿ ಎರಡೂ ಒಂದಾದವು.

ದಿಲ್ಲಿಯದು ತಿರುವುಮುರುವು. ಇಲ್ಲಿ ಬಾಗಿಲು ಮುಚ್ಚಿರಲಿಲ್ಲ. ಆದರೆ ತೆರೆದ ಬಾಗಿಲ ಒಳಗೆ ಯಾರು ನಿರಾಳವಾಗಿ ಕೂರುತ್ತಾರೆ ಎಂಬುದು ಬೇರೆಯೇ ಮಾತು. ರಾಜಕೀಯ ವರದಿಯಲ್ಲಿ ಅರ್ಧ ಕೆಲಸ ನಡೆಯುವುದು ಸಂಜೆಯ ಹರಟೆಯಲ್ಲಿ: ಒಬ್ಬ ಸಂಸದನ ಪರಿಚಯ, ಒಂದು ಫೋನ್ ನಂಬರು, ನಾಳೆ ಆಗಲಿರುವುದರ ಸುಳಿವು. ಆ ಹರಟೆಯ ಮೇಜಿನ ಸುತ್ತ ಗಂಡಸರೇ ಇದ್ದರೆ, ಅಲ್ಲಿ ರಾತ್ರಿ ಹತ್ತರವರೆಗೆ ಕೂತವಳ ಬಗ್ಗೆ ಮಾತು ಹುಟ್ಟುವುದಾದರೆ, ನಿಯಮದ ಪುಸ್ತಕದಲ್ಲಿ ಸಮಾನತೆ ಇದ್ದೂ ಸುದ್ದಿ ಸಮಾನವಾಗಿ ಹಂಚಿಕೆಯಾಗುವುದಿಲ್ಲ. ಇನ್ನೂ ಸಣ್ಣ ಸಂಗತಿಗಳಿವೆ. ಬೆಳಿಗ್ಗೆ ಒಂದು ಸಚಿವಾಲಯದ ಗೋಷ್ಠಿ, ಸಂಜೆ ಐದಕ್ಕೆ ಪಕ್ಷದ ಕಚೇರಿಯಲ್ಲಿ ಇನ್ನೊಂದು; ಮೇ ತಿಂಗಳ ಬಿಸಿಲು; ಮನೆ ಇರುವುದು ನೋಯ್ಡಾ, ಗಾಜಿಯಾಬಾದ್ ಅಥವಾ ಯಮುನೆಯ ಆಚೆಯ ಮಯೂರ ವಿಹಾರದಲ್ಲಿ. ನಡುವಿನ ಹೊತ್ತಿನಲ್ಲಿ ಕಾಲು ಚಾಚಿ ಕೂತು ಬರೆಯಲು, ಕೈಗೆಟಕುವ ಬೆಲೆಗೆ ಊಟ ಮಾಡಲು, ಚೊಕ್ಕಟವಾದ ಶೌಚಾಲಯ ಬಳಸಲು ಎಲ್ಲಿ ಹೋಗಬೇಕು? ವಿಂಡ್ಸರ್ ಪ್ಲೇಸಿನ ಮನೆ ಮೊದಲು ಉತ್ತರಿಸಿದ್ದು ಈ ಪ್ರಶ್ನೆಗಳಿಗೆ.

ಎರಡನೆಯದಾಗಿ, ಸುದ್ದಿಯೇ ಆ ಮನೆಗೆ ನಡೆದು ಬರುವಂತಾಯಿತು. ಸಚಿವರು, ವಿರೋಧ ಪಕ್ಷದ ನಾಯಕರು, ರಾಯಭಾರಿಗಳು, ಚಳವಳಿಯ ಕಾರ್ಯಕರ್ತೆಯರು ಅಲ್ಲಿ ಬಂದು ಪ್ರಶ್ನೆಗಳಿಗೆ ಉತ್ತರಿಸುವುದು ರೂಢಿಯಾಯಿತು. ಪುಸ್ತಕಗಳ ಬಗ್ಗೆ ಚರ್ಚೆ, ಸಿನಿಮಾ ಪ್ರದರ್ಶನ, ತರಬೇತಿ, ಹಬ್ಬದ ಊಟ ಎಲ್ಲವೂ ಉಂಟು. ಪದಾಧಿಕಾರಿಗಳನ್ನು ಸದಸ್ಯೆಯರೇ ಮತ ಹಾಕಿ ಆರಿಸುತ್ತಾರೆ. ದೊಡ್ಡ ಇಂಗ್ಲಿಷ್ ಪತ್ರಿಕೆಯ ಸಂಪಾದಕಿ, ಸಣ್ಣ ಹಿಂದಿ ಪತ್ರಿಕೆಯ ವರದಿಗಾರ್ತಿ, ಕೆಲಸ ಕಳೆದುಕೊಂಡು ಸ್ವತಂತ್ರವಾಗಿ ಬರೆಯುವವಳು ಒಂದೇ ಊಟದ ಕೋಣೆಯಲ್ಲಿ ಕೂರುತ್ತಾರೆ. ಪತ್ರಿಕಾ ಕಚೇರಿಯ ನೌಕರಿ ಹೋದ ದಿನವೇ ಮೇಜು, ಕಂಪ್ಯೂಟರು, ವಿಳಾಸ ಎಲ್ಲ ಹೋಗುವ ಉದ್ಯೋಗದಲ್ಲಿ ಇದು ಸಣ್ಣದಲ್ಲ.

ಕನ್ನಡದ ಚರಿತ್ರೆಯನ್ನು ಪಕ್ಕಕ್ಕಿಟ್ಟು ನೋಡಿದರೆ ಇದರ ಬೆಲೆ ಇನ್ನೂ ತಿಳಿಯುತ್ತದೆ. ಕಳೆದ ಶತಮಾನದ ಆರಂಭದಲ್ಲಿ ನಂಜನಗೂಡಿನ ತಿರುಮಲಾಂಬ ‘ಕರ್ನಾಟಕ ನಂದಿನಿ’ ಹೊರಡಿಸಿದರು. ಅವರ ನಂತರ ಬೆಂಗಳೂರಿನ ಆರ್. ಕಲ್ಯಾಣಮ್ಮ ‘ಸರಸ್ವತಿ’ ಮಾಸಪತ್ರಿಕೆಯನ್ನು ಸುಮಾರು ನಾಲ್ಕು ದಶಕ ನಡೆಸಿದರು. ಇಬ್ಬರೂ ಬಾಲವಿಧವೆಯರು. ಇಬ್ಬರೂ ಬರೆಯುವ ಜಾಗ ಬೇಕೆಂದು ತಮ್ಮದೇ ಪತ್ರಿಕೆ ಕಟ್ಟಿಕೊಂಡವರು. ಬರೆಯುವವರು, ತಿದ್ದುವವರು, ಚಂದಾ ಕೂಡಿಸುವವರು ಎಲ್ಲ ತಾವೇ. ಅಷ್ಟು ದುಡಿದ ಪತ್ರಿಕೆಗಳು ನಡೆಸುವವರ ಶಕ್ತಿ ಇರುವವರೆಗೆ ನಡೆದು ನಿಂತವು. 1979ರಲ್ಲಿ ಟಿ. ಸುನಂದಮ್ಮ ಅವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಲೇಖಕಿಯರ ಸಂಘ ಶುರುವಾದಾಗ ವ್ಯಕ್ತಿಯ ಆಯುಸ್ಸಿಗಿಂತ ದೀರ್ಘವಾದ ನೆಲೆಯೊಂದು ನಮ್ಮ ಬರಹಗಾರ್ತಿಯರಿಗೂ ಸಿಕ್ಕಿತು.

ಒಂದು ಮನೆಯಿಂದ ಬಗೆಹರಿಯದ ಸಂಗತಿಗಳೂ ಇವೆ. ಅದರಲ್ಲಿ ದೊಡ್ಡದು ಮನೆಯಿಂದ ಮನೆಗಿರುವ ದಾರಿ. 2008ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಟಿವಿ ಪತ್ರಕರ್ತೆ ಸೌಮ್ಯಾ ವಿಶ್ವನಾಥನ್ ಕೆಲಸ ಮುಗಿಸಿ ಕಾರು ಓಡಿಸಿಕೊಂಡು ವಸಂತ ಕುಂಜಕ್ಕೆ ಮರಳುವಾಗ ಗುಂಡೇಟಿಗೆ ಬಲಿಯಾದರು. ಅಷ್ಟು ಹೊತ್ತಿನಲ್ಲಿ ಒಬ್ಬಳೇ ಓಡಾಡುವ ಸಾಹಸ ಬೇಡವಾಗಿತ್ತು ಎಂಬರ್ಥದ ಮಾತು ಆಗಿನ ಮುಖ್ಯಮಂತ್ರಿ ಶೀಲಾ ದೀಕ್ಷಿತ್ ಅವರ ಬಾಯಿಂದ ಬಂದಾಗ ಪತ್ರಕರ್ತೆಯರು ಸಿಟ್ಟಾದರು. ಅದು ಸಾಹಸವಾಗಿರಲಿಲ್ಲ, ಪಾಳಿ ಮುಗಿದ ಮೇಲಿನ ಮನೆಯ ದಾರಿಯಾಗಿತ್ತು. ನೋಯ್ಡಾದ ಫಿಲ್ಮ್ ಸಿಟಿಯಲ್ಲಿ ಸುದ್ದಿ ವಾಹಿನಿಗಳ ದೀಪ ರಾತ್ರಿಯಿಡೀ ಉರಿಯುತ್ತದೆ. ಅಲ್ಲಿಂದ ಎಷ್ಟೋ ಹುಡುಗಿಯರು ದಿನವೂ ಅಂಥದೇ ಹೊತ್ತಿನಲ್ಲಿ ಹೊರಡುತ್ತಾರೆ. ಸಾಕೇತ್ ನ್ಯಾಯಾಲಯ ಆ ಪ್ರಕರಣದಲ್ಲಿ ಐವರನ್ನು ತಪ್ಪಿತಸ್ಥರೆಂದು ಹೇಳಿದ್ದು 2023ರಲ್ಲಿ, ಹದಿನೈದು ವರ್ಷಗಳ ನಂತರ.

ಇನ್ನೊಂದು ಮಿತಿ ದಿಲ್ಲಿಯದ್ದೇ. ರಾಜಧಾನಿಯ ಮಧ್ಯದಲ್ಲಿರುವ ಮನೆ ರಾಜಧಾನಿಯವರಿಗೆ ಉಪಯೋಗಕ್ಕೆ ಬರುತ್ತದೆ. ಬುಂದೇಲಖಂಡದ ಹಳ್ಳಿಗಳಲ್ಲಿ ದಲಿತ, ಹಿಂದುಳಿದ ಸಮುದಾಯಗಳ ಹೆಂಗಸರು 2002ರಿಂದ ನಡೆಸುತ್ತಿರುವ ‘ಖಬರ್ ಲಹರಿಯಾ’ದಂಥ ಸುದ್ದಿಸಂಸ್ಥೆಯ ವರದಿಗಾರ್ತಿಗೆ ವಿಂಡ್ಸರ್ ಪ್ಲೇಸ್ ಬಹು ದೂರ. ಅದೇ 2002ರ ಜನವರಿಯಲ್ಲಿ ದಿಲ್ಲಿಯ ಒಂದು ಕಾರ್ಯಾಗಾರದಲ್ಲಿ ಹುಟ್ಟಿದ ‘ನೆಟ್‌ವರ್ಕ್ ಆಫ್ ವಿಮೆನ್ ಇನ್ ಮೀಡಿಯಾ’ ಬೇರೆ ದಾರಿ ಹಿಡಿಯಿತು. ಅದಕ್ಕೆ ಬಂಗಲೆಯಿಲ್ಲ, ಊರೂರಿನಲ್ಲಿ ಬಳಗಗಳಿವೆ. ಮನೆಯೊಂದು ಜನರನ್ನು ಒಟ್ಟಿಗೆ ಕೂರಿಸುತ್ತದೆ, ಬಳಗವು ಕೂರಲು ಬರಲಾಗದವರನ್ನು ಮುಟ್ಟುತ್ತದೆ. ಎರಡೂ ಬೇಕು. ಮನೆ ಸರ್ಕಾರದ್ದು ಎಂಬ ಇಕ್ಕಟ್ಟೂ ಇದೆ. ಯಾರನ್ನು ಪ್ರಶ್ನಿಸಬೇಕೋ ಅವರ ಸೂರಿನಡಿ ಕೂತು ಪ್ರಶ್ನಿಸುವ ಪಾಡು ದಿಲ್ಲಿಯ ಪತ್ರಕರ್ತ ಸಂಸ್ಥೆಗಳಿಗೆ ಹೊಸದಲ್ಲ; ನಡೆದುಕೊಳ್ಳುವ ರೀತಿಯಿಂದಲೇ ಅವು ಅದಕ್ಕೆ ಪ್ರತಿಸಲವೂ ಉತ್ತರ ಕೊಡಬೇಕು.

ಕನ್ನಡಿಗರಿಗೆ ಇಂಥ ಒಂದು ಸಂಜೆ ನೆನಪಿರಬೇಕು. 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶ್ ಅವರನ್ನು ಬೆಂಗಳೂರಿನ ರಾಜರಾಜೇಶ್ವರಿ ನಗರದ ಮನೆಯ ಮುಂದೆ ಕೊಂದರು. ದಿಲ್ಲಿ ಗೌರಿಯವರಿಗೆ ಪರ ಊರಾಗಿರಲಿಲ್ಲ. ಪತ್ರಿಕೋದ್ಯಮ ಓದಿದ್ದು ಅಲ್ಲಿ. 2000ದಲ್ಲಿ ತಂದೆ ತೀರಿಕೊಂಡಾಗ ಈಟಿವಿಗೆ ಕೆಲಸ ಮಾಡುತ್ತಿದ್ದುದೂ ಅಲ್ಲಿಂದಲೇ. ಆಮೇಲೆ ಬೆಂಗಳೂರಿಗೆ ಮರಳಿ ಕನ್ನಡ ಪತ್ರಿಕೆಯ ಹೊಣೆ ಹೊತ್ತರು. ಕೊಲೆಯ ಮರುದಿನ ರೈಸಿನಾ ರಸ್ತೆಯ ಪ್ರೆಸ್ ಕ್ಲಬ್ಬಿನಲ್ಲಿ ದಿಲ್ಲಿಯ ಪತ್ರಕರ್ತರು ಕಿಕ್ಕಿರಿದು ಸೇರಿದರು. ಸಭೆ ಕರೆದ ಸಂಘಟನೆಗಳಲ್ಲಿ ವಿಮೆನ್ಸ್ ಪ್ರೆಸ್ ಕೋರ್ ಕೂಡ ಒಂದು. ಅವತ್ತು ಯಾರೂ ಬಾಲ್ಕನಿಯಲ್ಲಿ ನಿಲ್ಲಲಿಲ್ಲ. ಕನ್ನಡದಲ್ಲಿ ಬರೆದ ಒಬ್ಬ ಸಂಪಾದಕಿಗಾಗಿ ಕನ್ನಡ ಓದಲು ಬಾರದ ನೂರಾರು ಜನ ಒಂದೇ ಅಂಗಳದಲ್ಲಿದ್ದರು. ದುಃಖದ ದಿನ ಹಾಗೆ ತಡಮಾಡದೆ ಸೇರಲು ಬೇಕಾದ ಪರಿಚಯ, ಸಲಿಗೆ, ಫೋನ್ ನಂಬರುಗಳೆಲ್ಲ ಸಾಮಾನ್ಯ ದಿನಗಳ ಊಟದ ಮೇಜಿನಲ್ಲೇ ಒದಗಿ ಬಂದಿರುತ್ತವೆ.