ಮನು, ನೋಹ ಮತ್ತು ಅವರನ್ನು ಹೋಲಿಸಿದವರು

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದ ಫ್ರೆಂಚ್ ಪಾದ್ರಿ ಅಬೆ ದುಬ್ವಾ, ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ದೊಡ್ಡದೊಂದು ಗ್ರಂಥ ಕೊಟ್ಟ. ಕಂಪನಿ ಸರ್ಕಾರ ಹಣ ತೆತ್ತು ಹಸ್ತಪ್ರತಿ ಕೊಂಡಿತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಜಲಪ್ರಳಯದಿಂದ ಪಾರಾದ 'ಮಹಾನುವು' (ನಮ್ಮ ಮನು) ಬೈಬಲಿನ ನೋಹನೇ ಎಂಬುದು ಅದರಲ್ಲಿನ ಒಂದು ವಾದ. 'ಮಹಾ' ತೆಗೆದರೆ ಉಳಿಯುವುದು ನೋಹನ ಹೆಸರೇ ಅಂತೆ! ಇನ್ನೂ ತಮಾಷೆಯೆಂದರೆ, ಆ ಗ್ರಂಥದ ಬಹುಭಾಗ ಅವನಿಗಿಂತ ಹಿಂದಿನ ಜೆಸುಯಿಟ್ ಪಾದ್ರಿ ಕೂರ್ದೂನ ಬರಹದಿಂದ ಎತ್ತಿಕೊಂಡದ್ದು ಎಂದು 1987ರಲ್ಲಿ ಸಿಲ್ವಿಯಾ ಮ್ಯೂರ್ ತೋರಿಸಿಕೊಟ್ಟರು.

ಹಿಂದೂ ಮತ್ತು ಅಬ್ರಹಾಮಿಕ್ ಧರ್ಮಗಳ ತೌಲನಿಕ ಅಧ್ಯಯನದ ಚರಿತ್ರೆಯಲ್ಲಿ ಇಂಥ ಪ್ರಸಂಗಗಳಿಗೆ ಬರವಿಲ್ಲ. ತಾನು ಮೊದಲೇ ನಂಬಿದ್ದನ್ನು ಪರರ ಗ್ರಂಥದಲ್ಲಿ 'ಕಂಡುಹಿಡಿಯುವುದು' ಈ ಕ್ಷೇತ್ರದ ಹಳೆಯ ರೋಗ.

ಆದರೆ ಆರಂಭ ಹಾಗಿರಲಿಲ್ಲ. 1030ರ ಸುಮಾರಿಗೆ ಭಾರತದ ಬಗ್ಗೆ ಬರೆದ ಅಲ್ ಬಿರೂನಿ ಸಂಸ್ಕೃತ ಕಲಿತಿದ್ದ, ಪತಂಜಲಿಯ ಯೋಗವನ್ನು ಅರಬ್ಬಿಗೆ ತಂದಿದ್ದ. ಹಿಂದೂ ವಿಚಾರಗಳ ಪಕ್ಕದಲ್ಲಿ ಗ್ರೀಕರ, ಸೂಫಿಗಳ, ಕ್ರೈಸ್ತರ ಮಾತುಗಳನ್ನು ಇಟ್ಟು ನೋಡಿದರೂ ಖಂಡನೆ ತನ್ನ ಕೆಲಸವಲ್ಲವೆಂದು ಹೇಳಿಕೊಂಡ. ಹಿಂದೂಗಳು ಮುಸ್ಲಿಮರಿಗಿಂತ ಎಲ್ಲೆಲ್ಲಿ ಬೇರೆ ಎನ್ನುವುದನ್ನೂ ಮುಚ್ಚಿಡಲಿಲ್ಲ. ಆರು ಶತಮಾನಗಳ ಬಳಿಕ ಬಂದ ದಾರಾ ಶುಕೋನದು ಬೇರೆಯೇ ದಾರಿ. 1657ರಲ್ಲಿ ಉಪನಿಷತ್ತುಗಳನ್ನು ಪಾರಸಿಗೆ ತರಿಸಿದ ಈ ಮೊಘಲ್ ರಾಜಕುಮಾರ, ಖುರಾನಿನಲ್ಲಿ ಹೇಳಿರುವ ಗುಪ್ತ ಗ್ರಂಥ ಇದೇ ಎಂದು ನಂಬಿದ. ಎರಡು ವರ್ಷಗಳಲ್ಲಿ ಔರಂಗಜೇಬ ಅವನನ್ನು ಕೊಲ್ಲಿಸಿದ. ಅನುವಾದ ಮಾತ್ರ ಆಂಕೆತಿಲ್ ದುಪೆರಾನನ ಲ್ಯಾಟಿನ್ ಮೂಲಕ 1801-02ರಲ್ಲಿ ಯುರೋಪ್ ಮುಟ್ಟಿ ತತ್ತ್ವಜ್ಞಾನಿ ಶೋಪೆನ್‌ಹಾವರನನ್ನು ಮರುಳು ಮಾಡಿತು.

ಹದಿನೆಂಟನೆಯ ಶತಮಾನದ ಯುರೋಪಿಗೆ ಭಾರತ ತನ್ನ ಜಗಳಕ್ಕೆ ಸಿಕ್ಕ ಸಾಕ್ಷಿಯಾಗಿತ್ತು. ವೋಲ್ಟೇರ್ ಚರ್ಚನ್ನು ಚುಚ್ಚಲು 'ಎಜುರ್ ವೇದಂ' ಎಂಬ ಪುಸ್ತಕವನ್ನು ಮೆರೆಸಿದ. ಅದು ಮಿಷನರಿಗಳೇ ಬರೆದದ್ದೆಂದು ಆಮೇಲೆ ಗೊತ್ತಾಯಿತು. ಇತ್ತ ಕಲ್ಕತ್ತೆಯಲ್ಲಿ 1784ರಲ್ಲಿ ಏಷಿಯಾಟಿಕ್ ಸೊಸೈಟಿ ಕಟ್ಟಿದ ವಿಲಿಯಂ ಜೋನ್ಸ್ ಬೈಬಲಿನ ಕಾಲಗಣನೆಯೊಳಗೇ ಪುರಾಣಗಳನ್ನು ಕೂರಿಸಲು ಹೊರಟ. ಅವನಿಗೆ ಕಾಶಿಯಲ್ಲಿದ್ದ ಸೇನಾಧಿಕಾರಿ ಫ್ರಾನ್ಸಿಸ್ ವಿಲ್ಫರ್ಡ್ ಕಳಿಸಿದ ಒಂದು ಕಥೆ ಪದ್ಮಪುರಾಣದ್ದೆಂದು ಪ್ರಕಟವಾಯಿತು. ಸತ್ಯವರ್ಮನೆಂಬ ರಾಜ, ಶರ್ಮ, ಚರ್ಮ, ಜ್ಯಾಪೇತಿ ಎಂಬ ಮೂವರು ಮಕ್ಕಳು. ತಂದೆ ಕುಡಿದು ಮೈಮರೆತಾಗ ನಕ್ಕ ಚರ್ಮನಿಗೆ ಶಾಪ. ನೋಹನ ಮಕ್ಕಳಾದ ಶೇಮ್, ಹಾಮ್, ಯೆಫೆತರ ಕಥೆ ಚಾಚೂ ತಪ್ಪದೆ ಇಲ್ಲಿತ್ತು.

ಇರಲೇಬೇಕಲ್ಲ! ವಿಲ್ಫರ್ಡ್ ಪಶ್ಚಿಮದ ಕಥೆಗಳನ್ನು ತನ್ನ ಪಂಡಿತನಿಗೆ ಹೇಳಿ, ಇಂಥವು ನಿಮ್ಮಲ್ಲಿವೆಯೇ ಹುಡುಕು ಎನ್ನುತ್ತಿದ್ದ. ಸಂಬಳ ಕೊಡುವ ದೊರೆ ಕೇಳಿದ್ದನ್ನು ಪಂಡಿತ ಹುಡುಕಿ ಕೊಟ್ಟ, ಸಿಗದಿದ್ದಾಗ ಹೆಸರು ತಿದ್ದಿ, ಹೊಸ ಹಾಳೆ ಸೇರಿಸಿ ಕೊಟ್ಟ. ಜೋನ್ಸ್ 1794ರಲ್ಲೇ ತೀರಿಕೊಂಡಿದ್ದ. ತಾನು ಮೋಸಹೋದದ್ದನ್ನು ವಿಲ್ಫರ್ಡ್ 1805ರಲ್ಲಿ ಅಚ್ಚಿನಲ್ಲೇ ಒಪ್ಪಿಕೊಂಡ. ಎಲ್ಲರೂ ಪಂಡಿತನನ್ನು ಬೈದರು. ನನಗೇನೋ ಪ್ರಶ್ನೆ ಕೇಳಿದವನ ಪಾಲೂ ಅದರಲ್ಲಿ ಕಡಿಮೆಯಿಲ್ಲ ಅನ್ನಿಸುತ್ತದೆ.

ನೋಹನೇ ಮೂಲವೆಂಬ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು 1872ರ ಡಿಸೆಂಬರಿನಲ್ಲಿ. ಲಂಡನ್ನಿನಲ್ಲಿ ಜಾರ್ಜ್ ಸ್ಮಿತ್ ಮೆಸೊಪೊಟೇಮಿಯದ ಗಿಲ್ಗಮೇಶ್ ಕಾವ್ಯದ ಮಣ್ಣಿನ ಫಲಕದಲ್ಲಿ ಪ್ರಳಯದ ಕಥೆ ಓದಿ ತೋರಿಸಿದ. ಮನುವಿನ ಕಥೆಯೂ ಮೆಸೊಪೊಟೇಮಿಯದಿಂದ ಬಂತೇ ಎನ್ನುವ ವಾದ ಇನ್ನೂ ಇತ್ಯರ್ಥವಾಗಿಲ್ಲ. ಅದೇ ಕಾಲದಲ್ಲಿ ಮ್ಯಾಕ್ಸ್ ಮುಲ್ಲರ್ ಸಂಪಾದಿಸಲು ಹೊರಟ ಪೂರ್ವದೇಶಗಳ ಪವಿತ್ರ ಗ್ರಂಥಮಾಲೆ 50 ಸಂಪುಟಗಳಿಗೆ ಬೆಳೆಯಿತು. ಉಪನಿಷತ್ತು, ಖುರಾನ್, ಶತಪಥ ಬ್ರಾಹ್ಮಣ ಎಲ್ಲ ಅದರಲ್ಲಿ ಬಂದವು. ಬೈಬಲ್ ಮಾತ್ರ ಬರಲಿಲ್ಲ. ತಕ್ಕಡಿ ಹಿಡಿದವರು ತಮ್ಮ ಗ್ರಂಥವನ್ನು ತಟ್ಟೆಗೆ ಇಡಲಿಲ್ಲ.

ಪ್ರಳಯದ ಕಥೆಯನ್ನೇ ನಿಧಾನವಾಗಿ ಓದಿ. ಬೈಬಲಿನ ಆದಿಕಾಂಡದಲ್ಲಿ ಮನುಷ್ಯರ ಕೆಡುಕು ಕಂಡು ದೇವರು ನೊಂದು ನೀರು ಹರಿಸುತ್ತಾನೆ. ಇನ್ನೆಂದೂ ಹೀಗೆ ಮಾಡೆನೆಂದು ಕಾಮನಬಿಲ್ಲನ್ನು ಸಾಕ್ಷಿಯಿಟ್ಟು ಒಡಂಬಡಿಕೆ ಮಾಡಿಕೊಳ್ಳುತ್ತಾನೆ. ಖುರಾನಿನ ಹೂದ್ ಅಧ್ಯಾಯದಲ್ಲಿ ನೂಹ್ ಪ್ರವಾದಿಯ ಮಗನೇ ನಾವೆ ಹತ್ತಲೊಪ್ಪದೆ ಮುಳುಗುತ್ತಾನೆ. ರಕ್ತಸಂಬಂಧಕ್ಕಿಂತ ವಿಶ್ವಾಸ ದೊಡ್ಡದೆಂಬುದು ಅಲ್ಲಿ ಮುಖ್ಯ. ಶತಪಥದಲ್ಲಿ? ಕೈತೊಳೆಯುವ ನೀರಿನಲ್ಲಿ ಸಿಕ್ಕ ಮರಿಮೀನನ್ನು ಮನು ಸಾಕುತ್ತಾನೆ, ಅದು ದೋಣಿ ಎಳೆದು ಅವನನ್ನು ಉಳಿಸುತ್ತದೆ. ಯಾರ ಪಾಪವೂ ಇಲ್ಲ, ಯಾರ ಕೋಪವೂ ಇಲ್ಲ. ಒಂಟಿಯಾದ ಮನು ನೀರಿನಲ್ಲಿ ತುಪ್ಪ, ಮೊಸರು ಹೋಮಿಸುತ್ತಾನೆ. ಅದರಿಂದ ಇಡಾ ಹುಟ್ಟುತ್ತಾಳೆ, ಅವಳಿಂದ ಪ್ರಜೆ. ಲೋಕ ಮತ್ತೆ ಚಿಗುರುವುದು ಯಜ್ಞದಿಂದ. ಪುರಾಣಗಳಲ್ಲಂತೂ ಪ್ರಳಯ ಕಾಲಚಕ್ರದ ಒಂದು ತಿರುವು, ಮತ್ತೆ ಬರುವಂಥದ್ದು. ದೋಣಿ ಒಂದೇ ಥರ ಕಂಡರೂ ಕಥೆಗಳ ಕಾಳಜಿ ಬೇರೆ.

ಇಪ್ಪತ್ತನೆಯ ಶತಮಾನದ ಒಳ್ಳೆಯ ಕೆಲಸವೆಲ್ಲ ನಡೆದದ್ದು ಈ ಎಚ್ಚರದಿಂದಲೇ. ರುಡಾಲ್ಫ್ ಒಟ್ಟೊ 1926ರಲ್ಲಿ ಶಂಕರರನ್ನು ಕ್ರೈಸ್ತ ಅನುಭಾವಿ ಎಕ್‌ಹಾರ್ಟನ ಜೊತೆ, 1930ರಲ್ಲಿ ವೈಷ್ಣವ ಭಕ್ತಿಯನ್ನು ಕ್ರೈಸ್ತ ಕೃಪೆಯ ಜೊತೆ ಇಟ್ಟು, ಸಾಮ್ಯದ ನಡುವೆಯೂ ಎಲ್ಲಿ ಬೇರಾಗುತ್ತಾರೆಂದು ತೋರಿಸಿದ. 1996ರಲ್ಲಿ ಬಾರ್ಬರಾ ಹೋಲ್ಡ್ರೆಜ್ ವೇದ ಮತ್ತು ತೋರಾಗಳನ್ನು ಕೈಗೆತ್ತಿಕೊಂಡರು. ಎರಡೂ ಕಡೆ ಗ್ರಂಥ ಸೃಷ್ಟಿಗೇ ನೀಲನಕ್ಷೆ, ಎರಡೂ ಕಡೆ ವಂಶ, ಶುದ್ಧಿ, ಆಚರಣೆಗಳಿಗೆ ಹೆಚ್ಚಿನ ತೂಕ. ಈ ವಿಷಯಗಳಲ್ಲಿ ಯಹೂದಿ ರಬ್ಬಿ ಕ್ರೈಸ್ತ ಪಾದ್ರಿಗಿಂತ ವೈದಿಕನಿಗೇ ಹತ್ತಿರ. 'ಅಬ್ರಹಾಮಿಕ್' ಎಂಬ ಒಂದೇ ಮೂಟೆ ಕಟ್ಟಿ ವಾದಿಸುವವರು ಇದನ್ನು ಓದಬೇಕು.

ಈ ಹೋಲಿಕೆಯ ಬುಡಕ್ಕೇ ಕೊಡಲಿ ಹಾಕಿದವರು ಕನ್ನಡಿಗರಾದ ಎಸ್.ಎನ್. ಬಾಲಗಂಗಾಧರ. ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದಲ್ಲಿದ್ದು 1994ರಲ್ಲಿ ಪ್ರಕಟಿಸಿದ ಕೃತಿಯಲ್ಲಿ, 'ರಿಲಿಜನ್' ಎಂಬ ಕಲ್ಪನೆಯೇ ಕ್ರೈಸ್ತ ದೇವತಾಶಾಸ್ತ್ರದ ಕೂಸು, ಅದರ ಅಚ್ಚಿನಲ್ಲಿ ಎರಕ ಹೊಯ್ದ 'ಹಿಂದೂಯಿಸಂ' ಯುರೋಪಿಯನ್ನರ ಅನುಭವದಲ್ಲಿ ಮಾತ್ರ ಇದೆ ಎಂದರು. ರಾಜಾರಾಮ ಹೆಗಡೆಯವರು ಈ ವಿಚಾರಗಳನ್ನು ಕನ್ನಡಕ್ಕೆ ತಂದಿದ್ದಾರೆ. ಬಾಲಗಂಗಾಧರರ ಪ್ರಶ್ನೆಗೆ ಉತ್ತರಿಸದೆ ಇನ್ನು ಹೋಲಿಕೆ ಸಾಧ್ಯವಿಲ್ಲ. ಆದರೆ ಹೋಲಿಕೆಯನ್ನೇ ಕೈಬಿಡಬೇಕೆನ್ನುವ ತೀರ್ಮಾನವನ್ನು ಅದರಿಂದ ಯಾರಾದರೂ ತೆಗೆದರೆ ನಾನು ಒಪ್ಪಲಾರೆ. ಕಥೆ, ಆಚರಣೆಗಳನ್ನು ಎದುರುಬದುರು ಇಡಲು 'ರಿಲಿಜನ್' ಎಂಬ ಅಚ್ಚು ಬೇಕಾಗಿಲ್ಲ.

ಈ ಚರಿತ್ರೆಯ ದೊಡ್ಡ ಕೊರತೆ ಇನ್ನೂ ತುಂಬಿಲ್ಲ. ಸಂಸ್ಕೃತ ಕಲಿತ ಪಾಶ್ಚಾತ್ಯ ಪಾದ್ರಿ, ವಿದ್ವಾಂಸರಿಗೆ ಹೋಲಿಸಿದರೆ, ರಾಮಮೋಹನ ರಾಯರಂತೆ ಅರಬ್ಬಿ, ಹೀಬ್ರೂಗಳಿಗೆ ಕೈಹಾಕಿ ಆ ಕಡೆಯ ಗ್ರಂಥಗಳನ್ನು ಓದಿದ ಹಿಂದೂ ವಿದ್ವಾಂಸರು ತೀರಾ ವಿರಳ. ಈ ಕೊರತೆ ತುಂಬುವ ತನಕ ಓದುಗರಾದರೂ ಶತಪಥದ ಮನುವಿನ ಪ್ರಸಂಗ, ಆದಿಕಾಂಡದ 6ರಿಂದ 9ನೆಯ ಅಧ್ಯಾಯ, ಖುರಾನಿನ ಹೂದ್ ಅಧ್ಯಾಯ, ಈ ಮೂರನ್ನೂ ಒಟ್ಟಿಗೆ ಓದಲಿ. ಮೂರೂ ಚಿಕ್ಕವು.