ಅಪೂರ್ವ ತೋಟಾಗಳ ಮದ್ದಿನ ಪ್ರಮಾಣ: ಒಂದು ಆಕರವಿಚಾರ

ಕೃಷ್ಣೆಯ ದಂಡೆಯ ಗಲಗಲಿ, ಬೀಳಗಿ, ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳನ್ನೊಳಗೊಂಡ ಈ ಪ್ರಾಂತದಲ್ಲಿ ಬಂದೂಕು ಮತ್ತು ಮದ್ದಿನ ಮಾತು ಬಂದಾಗ ಮೊದಲು ಸ್ಮರಣೆಗೆ ಬರತಕ್ಕದ್ದು ಮುಧೋಳ ಸೀಮೆಯ ಹಲಗಲಿಯೇ. 1857ರ 28ನೆಯ ಕಾಯಿದೆಯು ಆಯುಧಗಳನ್ನು ಇಟ್ಟುಕೊಳ್ಳುವ ಹಕ್ಕನ್ನಷ್ಟೇ ಅಲ್ಲದೆ ಮದ್ದುಗುಂಡುಗಳ ತಯಾರಿಕೆ ಮತ್ತು ಮಾರಾಟಗಳನ್ನೂ ಸರಕಾರದ ಅಂಕೆಗೆ ಒಳಪಡಿಸಿತು. ಅದನ್ನೊಪ್ಪದ ಹಲಗಲಿಯ ಬೇಡರು ಆ ವರ್ಷದ ನವೆಂಬರಿನಲ್ಲಿ ತಿರುಗಿಬಿದ್ದುದು, ಊರು ಬೆಂಕಿಗೆ ಆಹುತಿಯಾದುದು, ಡಿಸೆಂಬರಿನಲ್ಲಿ ಹಲವರು ಗಲ್ಲಿಗೇರಿದುದು, ಇವೆಲ್ಲ ಸುವಿದಿತ. ಜಡಗ, ಬಾಲ, ಹನುಮ, ರಾಮರ ಹೆಸರುಗಳನ್ನು ಉಳಿಸಿಕೊಂಡು ಬಂದದ್ದು ಲಾವಣಿ. ಅದನ್ನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದವನು, ಶಾಸನವಿದ್ವಾಂಸನೆಂದು ನಮಗೆ ಪರಿಚಿತನಾದ ಜೆ. ಎಫ್. ಫ್ಲೀಟ್.

ಪ್ರಸ್ತುತ ಲೇಖನದ ಜಿಜ್ಞಾಸೆಯಾದರೋ ಬಹಳ ಸಂಕುಚಿತವಾದದ್ದು. ಬಳಕೆಯಿಂದ ಮರೆಯಾದ, ಇಲ್ಲವೇ ಎಂದೂ ಬಹುಳವಾಗಿ ಪ್ರಚಾರಕ್ಕೆ ಬಾರದ ಒಂದು ಬಂದೂಕಿಗೆ ಎಷ್ಟು ಮದ್ದು ತುಂಬುತ್ತಿದ್ದರು, ಎಷ್ಟು ತುಂಬಬಹುದಾಗಿತ್ತು ಎಂಬ ಪ್ರಶ್ನೆಗೆ ಯಾವ ಆಕರವನ್ನು ಪ್ರಮಾಣವೆಂದು ಗ್ರಹಿಸಬೇಕು? ಲಾವಣಿಯನ್ನು ಈ ಪ್ರಶ್ನೆ ಕೇಳುವುದು ಅನುಚಿತ; ಅದು ಶೌರ್ಯವನ್ನು ಹಾಡಲು ಹುಟ್ಟಿದ್ದೇ ಹೊರತು ತೂಕವನ್ನು ದಾಖಲಿಸಲಲ್ಲ. ಸಂಸ್ಕೃತಗ್ರಂಥಗಳತ್ತ ತಿರುಗಿದರೆ ಶುಕ್ರನೀತಿಯಲ್ಲಿ ಅಗ್ನಿಚೂರ್ಣದ ಪಾಕವೇನೋ ಇದೆ. ಆದರೆ ಆ ಗ್ರಂಥವೇ, ಕಡೆಯ ಪಕ್ಷ ಅದರ ಈ ಭಾಗವೇ, ಹತ್ತೊಂಬತ್ತನೆಯ ಶತಮಾನದ ರಚನೆಯಿರಬೇಕೆಂದು ವಾದಿಸಿದ ವಿದ್ವಾಂಸರಿರುವಾಗ ಅದರ ಬಲದಿಂದ ಪ್ರಾಚೀನತೆಯನ್ನು ಸಾಧಿಸಹೊರಡುವುದು ಸಾಹಸವಾದೀತು. ಮೇಲಾಗಿ, ಮದ್ದನ್ನು ಹೇಗೆ ಕೂಡಿಸಬೇಕೆಂಬುದು ಒಂದು ವಿಷಯ, ಇಂಥ ನಳಿಗೆಗೆ ಇಂಥ ಗುಂಡಿನ ಹಿಂದೆ ಎಷ್ಟು ಹಾಕಬೇಕೆಂಬುದು ಬೇರೊಂದು ವಿಷಯ. ಮೊದಲನೆಯದನ್ನು ಗ್ರಂಥಸ್ಥಗೊಳಿಸಿದವರು ಬಹುಮಂದಿ. ಎರಡನೆಯದು ಬಹುಕಾಲ ಕೈವಾಡಿಕೆಯಲ್ಲಿಯೇ ಉಳಿಯಿತು.

ಈ ಎರಡನೆಯ ಲೆಕ್ಕವನ್ನು ತಪ್ಪದೆ ಬರೆದಿಟ್ಟವರೆಂದರೆ ಸೇನಾ ಇಲಾಖೆಗಳವರು. ಇಂಗ್ಲಿಷರ ಚಕಮಕಿ ಬಂದೂಕಿಗೆ, ಅಂದರೆ ‘ಬ್ರೌನ್ ಬೆಸ್’ ಎಂದು ಹೆಸರಾದ ಮಸ್ಕೆಟ್ಟಿಗೆ, ತೋಟಾವೊಂದರಲ್ಲಿ ಆರು ಡ್ರಾಮ್ ಮದ್ದು ಇರುತ್ತಿತ್ತು. 1842ರ ನಮೂನೆಯಲ್ಲಿ ಅದು ನಾಲ್ಕೂವರೆ ಡ್ರಾಮಿಗೆ ಇಳಿಯಿತು. 1853ರ ಎನ್‌ಫೀಲ್ಡಿನಲ್ಲಿ ಎರಡೂವರೆಗೆ ಬಂದು ನಿಂತಿತು. ಡ್ರಾಮೊಂದಕ್ಕೆ 27.34 ಗ್ರೇನ್ ಆದುದರಿಂದ ಇವು ಕ್ರಮವಾಗಿ ಸುಮಾರು 164, 123 ಮತ್ತು 68 ಗ್ರೇನ್‌ಗಳಾಗುತ್ತವೆ. ತೊಲೆಗೆ 180 ಗ್ರೇನ್, 96 ಗುಲಗಂಜಿ ಎಂಬ ಬ್ರಿಟಿಷರ ಕಾಲದ ಲೆಕ್ಕದಿಂದ ನಮ್ಮ ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿ ನೋಡಿದರೆ, ಮೊದಲನೆಯದು ಎಂಬತ್ತೇಳೂವರೆ ಗುಲಗಂಜಿ, ಕಡೆಯದು ಮೂವತ್ತಾರೂವರೆ. ಗುಂಡಿನ ಸೀಸವು ಕಡಮೆಯಾಗದೆ, ಬದಲು ತುಸು ಹೆಚ್ಚೇ ಆಗಿರುವಾಗ ಮದ್ದು ಅರ್ಧಕ್ಕಿಂತ ಕೆಳಗಿಳಿದ ಕಾರಣವೇನು? ಚಕಮಕಿಯಲ್ಲಿ ಮದ್ದಿನ ಒಂದು ಪಾಲು ಕಿಡಿಬಟ್ಟಲಿಗೆ ಹೋಗುತ್ತಿತ್ತು, ಮತ್ತೊಂದು ಪಾಲಿನ ಬಲ ಕಿಡಿರಂಧ್ರದಿಂದಲೂ, ನಳಿಗೆಗಿಂತ ಕಿರಿದಾದ ದುಂಡುಗುಂಡಿನ ಸುತ್ತಲಿನ ಸಂದಿನಿಂದಲೂ ಸೋರಿಹೋಗುತ್ತಿತ್ತು. ಎನ್‌ಫೀಲ್ಡಿನ ನೀಳಗುಂಡು ಹಿಂಬದಿಯಲ್ಲಿ ಅರಳಿ ನಳಿಗೆಯನ್ನು ತುಂಬಿಕೊಂಡುದರಿಂದ ಹೀಗೆ ಸೋರುವ ಬಲವೆಲ್ಲ ಉಳಿಯಿತು. ಆದಕಾರಣ ‘ಆರು ಡ್ರಾಮ್’ ಎಂಬ ಅಂಕಿಯನ್ನು ಅದರ ಬಂದೂಕಿನಿಂದ ಬಿಡಿಸಿ ತಂದು ಮತ್ತೊಂದಕ್ಕೆ ಅನ್ವಯಿಸುವವನು ಅಂಕಿಯನ್ನು ತಂದನೇ ಹೊರತು ಪ್ರಮಾಣವನ್ನು ತರಲಿಲ್ಲ. ನಾಡಬಂದೂಕುಗಳ ವಿಷಯದಲ್ಲಂತೂ ಒಂದೊಂದು ನಳಿಗೆಯೂ ಒಬ್ಬೊಬ್ಬ ಕಮ್ಮಾರನ ಕೃತಿಯಾಗಿರುವುದರಿಂದ, ಪಕ್ಕದ ಊರಿನ ಅಳತೆಯೂ ಪರದೇಶದ ಅಳತೆಯಷ್ಟೇ ಸಂಶಯಾಸ್ಪದ. ಅಲ್ಲಿ ಮದ್ದನ್ನು ತೂಗುತ್ತಿರಲಿಲ್ಲ, ಕೊಂಬಿನ ಇಲ್ಲವೇ ಬಿದಿರಿನ ಕೊಳವೆಯಿಂದ ಅಳೆಯುತ್ತಿದ್ದರು. ಕರಿಮದ್ದು ಈ ರೂಢಿಯನ್ನು ಒಂದು ಮಿತಿಯವರೆಗೆ ಕ್ಷಮಿಸುತ್ತದೆ, ಹೊಗೆರಹಿತ ಮದ್ದು ಕ್ಷಮಿಸುವುದಿಲ್ಲ.

ತೋಟಾದ ಕವಚ ಲೋಹದ್ದಾದ ಮೇಲೆ ಈ ತೊಡಕು ತೀರಿತೆಂದು ತೋರಬಹುದು. ತೀರಲಿಲ್ಲ, ಕವಚದೊಳಕ್ಕೆ ಹೊಕ್ಕಿತು. 1871ರ ಮಾರ್ಟಿನಿ-ಹೆನ್ರಿಯ ತೋಟಾಕ್ಕೆ 85 ಗ್ರೇನ್ ಮದ್ದು, 480 ಗ್ರೇನ್ ಗುಂಡು; ಅದೇ ಗೂಡಿನ ಕಾರ್ಬೈನಿಗೆ 70 ಗ್ರೇನ್ ಮದ್ದು, 410 ಗ್ರೇನ್ ಗುಂಡು. ಹೆಸರು ಒಂದು, ಅಧಿಕೃತ ಪ್ರಮಾಣ ಎರಡು. ಇಷ್ಟರ ಮೇಲೆ ಆರಂಭದ ಕವಚವು ತೆಳುಹಿತ್ತಾಳೆಯ ತಗಡನ್ನು ಸುತ್ತಿ ಮಾಡಿದ್ದು, ಅನಂತರದ್ದು ಗಟ್ಟಿಯಾಗಿ ಎಳೆದು ಮಾಡಿದ್ದು. ಹೊರಗಿನ ಅಳತೆ ಸಮವಾಗಿದ್ದರೂ ಗೋಡೆ ದಪ್ಪವಾದಂತೆ ಒಳಗಿನ ಅವಕಾಶ ಕುಗ್ಗುತ್ತದೆ. ಹಳೆಯ ಕೈಪಿಡಿಯ ಅಂಕಿಯನ್ನು ಇಂದಿನ ಕವಚದಲ್ಲಿ ಅಕ್ಷರಶಃ ಪಾಲಿಸಹೊರಟವನಿಗೆ ಮದ್ದು ಹಿಡಿಯುವುದೇ ಕಷ್ಟವಾಗುತ್ತದೆ. ಇದಕ್ಕೆ ತದ್ವಿರುದ್ಧವಾಗಿ ಕರಿಮದ್ದಿಗೂ ಗುಂಡಿಗೂ ನಡುವೆ ತೆರವು ಉಳಿದರೆ ನಳಿಗೆಗೇ ಅಪಾಯ. ಕಡಮೆ ತುಂಬಿದರೆ ಕ್ಷೇಮವೆಂಬ ಸಾಮಾನ್ಯ ನಂಬಿಕೆ, ಆದುದರಿಂದ, ಅರ್ಧಸತ್ಯ. ಬಲ ಸಾಲದೆ ಗುಂಡು ನಳಿಗೆಯಲ್ಲಿಯೇ ಸಿಕ್ಕಿಕೊಂಡು, ಅರಿಯದೆ ಹಾರಿಸಿದ ಎರಡನೆಯ ಗುಂಡಿಗೆ ನಳಿಗೆ ಸೀಳಿದ ಪ್ರಸಂಗಗಳು ಶಸ್ತ್ರಗ್ರಂಥಗಳಲ್ಲಿ ಉಂಟು.

ನಮ್ಮ ದೇಶಕ್ಕೆ ವಿಶಿಷ್ಟವಾದ ಉದಾಹರಣೆಯೆಂದರೆ .315 ತೋಟಾ. ಸೈನ್ಯದ .303 ಮದ್ದುಗುಂಡು ಜನರ ಬಂದೂಕುಗಳಿಗೆ ಹೊಂದಬಾರದೆಂಬ ಸರಕಾರದ ನೀತಿಯ ಫಲವಾಗಿ ಬಿ.ಎಸ್.ಎ. ಕಂಪನಿಯು ಲೀ-ಎನ್‌ಫೀಲ್ಡ್ ಯಂತ್ರಾಂಗದ ಮೇಲೆ ಈ ತೋಟಾದ ಬೇಟೆಬಂದೂಕುಗಳನ್ನು ಕಟ್ಟಿತು. ಸ್ವಾತಂತ್ರ್ಯಾನಂತರ ಇಛಾಪುರದ ಕಾರ್ಖಾನೆ ಆ ಪರಂಪರೆಯನ್ನು ಮುಂದುವರಿಸಿತು. ಭಾರತದಲ್ಲಿ ಇದು ಸುಪರಿಚಿತವಾದರೂ ಜಗತ್ತಿನ ಕೈಪಿಡಿಗಳ ದೃಷ್ಟಿಯಲ್ಲಿ ಅಪೂರ್ವವೇ ಸರಿ. ಸಂಶೋಧಕನಿಗೆ ಇಲ್ಲಿ ದೊರೆಯುವ ಮುಖ್ಯವಾದ ಊರೆಗೋಲು ಇದರ ಕುಲಮೂಲ: ಆಸ್ಟ್ರಿಯಾದ 8×50 ಮಾನ್‌ಲಿಖರ್ ತೋಟಾ, ಅದರ ಸುಮಾರು 244 ಗ್ರೇನ್ ತೂಕದ ಗುಂಡು. ಆದರೆ ಹೆಸರಿನ .315 ಅಂಗುಲವು ನಳಿಗೆಯ ಏಣುಗಳ ನಡುವಿನ ಅಳತೆಯೇ ಹೊರತು ಗುಂಡಿನ ವ್ಯಾಸವಲ್ಲ, ಗುಂಡು ಸುಮಾರು .323 ಅಂಗುಲದ್ದು. ಹೆಸರನ್ನೇ ನಂಬಿ ಗುಂಡನ್ನು ಆರಿಸುವವನು ಮೊದಲ ಹೆಜ್ಜೆಯಲ್ಲಿಯೇ ಎಡವುತ್ತಾನೆ. ಕುಲಸಾಮ್ಯದಿಂದ ಊಹಿಸಲು ಸಾಧ್ಯವಾದದ್ದು ಕವಚದ ಆಕಾರ ಮಾತ್ರ. ಯಂತ್ರಾಂಗದ ಬಲವನ್ನು ಊಹಿಸಲಾಗದು. ಮಾನ್‌ಲಿಖರಿನ ಅಗುಳಿಯ ಬಿಗಿತ ಬೇರೆ, ಹಿಂಬದಿಯಲ್ಲಿ ಬಿಗಿಯುವ ಲೀ-ಎನ್‌ಫೀಲ್ಡ್ ಅಗುಳಿ ಒತ್ತಡಕ್ಕೆ ತುಸು ಬಾಗುವ ಬಗೆ ಬೇರೆ.

ಒತ್ತಡದ ಅಂಕಿಗಳಲ್ಲಿಯೂ ಇಂಥದೇ ವಿವೇಚನೆ ಬೇಕು. ಹಳೆಯ ಪದ್ಧತಿಯಲ್ಲಿ ತಾಮ್ರದ ಸಣ್ಣ ಗುಂಡುಕಂಬವೊಂದು ಎಷ್ಟು ಜಜ್ಜಿತೆಂದು ನೋಡಿ ಒತ್ತಡವನ್ನು ಲೆಕ್ಕ ಹಾಕುತ್ತಿದ್ದರು. ಈಚಿನ ಪದ್ಧತಿಯಲ್ಲಿ ಸ್ಫಟಿಕದ ವಿದ್ಯುತ್ಸ್ಪಂದನವನ್ನು ಅಳೆಯುತ್ತಾರೆ. ಇವೆರಡರ ಅಂಕಿಗಳನ್ನು ಎಲ್ಲೆಡೆಗೂ ಸಲ್ಲುವ ಒಂದೇ ಗುಣಕದಿಂದ ಪರಸ್ಪರ ಪರಿವರ್ತಿಸಲಾಗದು. ಬ್ರಿಟಿಷರಂತೂ ಎಣ್ಣೆ ಸವರಿದ ತೋಟಾವನ್ನು ಹಿಂದಿನಿಂದ ಅಳೆದು ಚದರ ಅಂಗುಲಕ್ಕೆ ಇಷ್ಟು ಟನ್ ಎಂದು ಬರೆದರು. ಅದನ್ನು ಪಾರ್ಶ್ವದಿಂದ ಅಳೆದ ಅಂಕಿಯ ಪಕ್ಕದಲ್ಲಿ ಇಟ್ಟು ತೂಗಿದರೆ ಫಲ ಭ್ರಾಂತಿಯೇ. 1914ರಲ್ಲಿ ಲಿಯೇಜಿನಲ್ಲಿ ಆರಂಭವಾದ ಅಂತರರಾಷ್ಟ್ರೀಯ ಪರೀಕ್ಷಾಮಂಡಳಿಯ ಗರಿಷ್ಠ ಒತ್ತಡಗಳ ಪಟ್ಟಿಗೆ ಬೆಲೆ ಬಂದಿರುವುದು ಅಂಕಿಯೊಡನೆ ಅಳತೆಯ ವಿಧಾನವನ್ನೂ ಅದು ನಿಗದಿಪಡಿಸುವುದರಿಂದಲೇ.

ಹೀಗಾಗಿ ನನ್ನ ತೂಕದಲ್ಲಿ, ಮದ್ದಿನ ತಯಾರಕನೇ ಪರೀಕ್ಷಾನಳಿಗೆಯಲ್ಲಿ ಒತ್ತಡವನ್ನಳೆದು, ಮದ್ದಿನ ಹೆಸರು, ಗುಂಡಿನ ತೂಕ, ಕವಚ, ಕೇಪು, ನಳಿಗೆಯ ಉದ್ದಗಳನ್ನು ಸಹಿತವಾಗಿ ಪ್ರಕಟಿಸಿದ ಪಟ್ಟಿಯೇ ಪ್ರಥಮವರ್ಗದ ಆಕರ. ಸೇನಾ ದಾಖಲೆ ತನ್ನ ಕಾಲದ ಸಾಮಗ್ರಿಗಷ್ಟೇ ಸಾಕ್ಷಿ. ಗಣಿತಸೂತ್ರದಿಂದ ಕಟ್ಟಿದ ಅಂಕಿ ಅನುಮಾನಪ್ರಮಾಣ. ಒಬ್ಬ ಬೇಟೆಗಾರನ ‘ನನಗೆ ಇದು ನಡೆಯಿತು’ ಎಂಬುದು, ಎಷ್ಟೇ ಪ್ರಾಮಾಣಿಕವಾಗಿರಲಿ, ಅವನ ಬಂದೂಕಿನ ಚರಿತ್ರೆ ಮಾತ್ರ. ಒಬ್ಬನ ಅಂಕಿಯನ್ನೇ ನಾಲ್ಕು ಪುಸ್ತಕಗಳು ನಕಲು ಮಾಡಿದಾಗ ಅವನ್ನು ನಾಲ್ಕು ಸಾಕ್ಷಿಗಳೆಂದು ಎಣಿಸಬಾರದೆಂಬುದನ್ನು ಹಸ್ತಪ್ರತಿಗಳ ಶಾಖೆಗಳನ್ನು ಗುರುತಿಸಿ ಬಲ್ಲ ನಮ್ಮ ಗ್ರಂಥಸಂಪಾದಕರಿಗೆ ಹೇಳಬೇಕಾಗಿಲ್ಲ. ಅಚ್ಚಿನ ತಪ್ಪೊಂದು ಅದೇ ರೂಪದಲ್ಲಿ ಎರಡು ಕಡೆ ಕಂಡರೆ ಸಾಕು, ನಕಲು ಬಯಲಾಗುತ್ತದೆ.

ಹಲಗಲಿಯ ಕಾಲದ ನಳಿಗೆಯೊಂದು ಯಾವುದಾದರೂ ವಾಡೆಯ ಅಟ್ಟದಲ್ಲಿ ದೊರೆತರೂ ಅದರ ಮದ್ದಿನ ಪ್ರಮಾಣವನ್ನು ಹಾರಿಸಿ ನಿರ್ಣಯಿಸಲು ಇಂದು ಅವಕಾಶವಿಲ್ಲ: ಲೋಹದ ಸ್ಥಿತಿ ನಂಬಿಕೆಗೆ ಅರ್ಹವಲ್ಲ, ಮತ್ತು 1959ರ ಆಯುಧ ಕಾಯಿದೆಯ ಐದನೆಯ ಕಲಮಿನಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ನಿಷಿದ್ಧ. ನಳಿಗೆಯ ಒಳವ್ಯಾಸ, ಕಿಡಿರಂಧ್ರದ ಸವೆತ, ಜೊತೆಗೆ ಸಿಕ್ಕಿದ್ದಾದರೆ ಮದ್ದಿನ ಕೊಂಬಿನ ಅಳತೆಗೊಳವೆಯ ಗಾತ್ರ, ಈ ಮೂರನ್ನು ಅಳೆದು ಬರೆದಿಡುವುದು ಸಾಧ್ಯ. ಆ ಕೊಳವೆ ಸಿಕ್ಕಿದರೆ ಅದು ಆ ಬಂದೂಕಿನ ಮಟ್ಟಿಗೆ ಯಾವ ಕೈಪಿಡಿಗಿಂತಲೂ ಹತ್ತಿರದ ಸಾಕ್ಷಿ.